ಉಡಿಯಲ್ಲಿ ಬಿದ್ದ ಇಸ್ಪೀಟ್ ಎಲೆ

ಕಾವೇರಿಯ ಕುಬುಸ, ಅಂದರೆ ಸೀಮಂತ, ನಡೆದು ಈ ಸಂಕ್ರಾಂತಿಗೆ ನಾಲ್ಕು ವರ್ಷವಾಯಿತು. ಕಾವೇರಿ ನನ್ನ ಕಿರಿಯ ಮಗಳು, ಮೊಮ್ಮಕ್ಕಳಾದ ನಿಮಗೆಲ್ಲ ಅತ್ತೆ. ಆ ದಿನ ಕುರುಗೋಡಿನಲ್ಲಿ ಏನಾಯಿತೆಂದು ನೀವು ಕೇಳಿದಾಗಲೆಲ್ಲ ನಾನು ನಕ್ಕು ಸುಮ್ಮನಾಗಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ರಾರಾವಿಯ ಸಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಮಾಸ್ತರರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಮದುವೆಯಾಗಿ ಬಳ್ಳಾರಿಗೆ ಬಂದ ಮೇಲೂ ಅದೇ ಸ್ವಭಾವ. ನಿಮ್ಮ ಅಜ್ಜ ತೀರಿಕೊಂಡ ಮೇಲಂತೂ ನಾಲ್ಕು ಮಂದಿ ಸೇರಿದಲ್ಲಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆ.

ಆಗ ನಾನು ಜೀನ್ಸ್ ಪ್ಯಾಂಟ್ ಹೊಲಿಯುವ ಒಂದು ಸಣ್ಣ ಯೂನಿಟ್ಟಿಗೆ ಹೋಗುತ್ತಿದ್ದೆ. ನನ್ನ ಕೆಲಸ ಲೇಬಲ್ ಹೊಂದಿಸುವುದು. ಇಪ್ಪತ್ತೆಂಟರಿಂದ ಮೂವತ್ತಾರರವರೆಗಿನ ಸೈಜಿನ ಚೀಟಿಗಳನ್ನು ಬೇರೆ ಬೇರೆ ಮಾಡಿ ಕಟ್ಟುಗಳಿಗೆ ಜೋಡಿಸಿ ಕೊಡಬೇಕು. ಹದಿನಾಲ್ಕು ವರ್ಷ ಅದನ್ನೇ ಮಾಡಿದ್ದರಿಂದ, ಕಟ್ಟಿನಲ್ಲಿ ಯಾವ ಸೈಜು ಒಂದು ಕಡಿಮೆ ಇದೆ ಎಂಬುದು ಎಣಿಸದೆಯೇ ತಿಳಿಯುತ್ತಿತ್ತು.

ಅಲ್ಲಿನ ಕಟಿಂಗ್ ಮಾಸ್ಟರ್ ದಾದಾಪೀರ್. ಕರೆಂಟ್ ಹೋಗಿ ಮಷಿನ್ನುಗಳು ನಿಂತವೆಂದರೆ ಅವರ ಜೇಬಿನಿಂದ ಇಸ್ಪೀಟ್ ಎಲೆಗಳು ಹೊರಗೆ ಬರುತ್ತಿದ್ದವು. ಜೂಜಿಗಲ್ಲ, ಕಣ್ಕಟ್ಟಿಗೆ. ಯಾರಿಂದಲಾದರೂ ಒಂದು ಎಲೆ ತೆಗೆಸಿ, ಅವರೊಬ್ಬರೇ ನೋಡಿದ ಮೇಲೆ ಮತ್ತೆ ಕಟ್ಟಿನೊಳಗೆ ಇಡಿಸಿ, ಕಲಸಿ, ಅದೇ ಎಲೆಯನ್ನು ಎತ್ತಿ ತೋರಿಸುತ್ತಿದ್ದರು. ಹುಡುಗಿಯರೆಲ್ಲ ಬಾಯಿ ತೆರೆದು ನೋಡುವರು. ಒಂದು ದಿನ ನಾನು ತಡೆಯಲಾರದೆ, "ಆ ಎಲಿ ಬಾಜುಕ ಬರೋ ಎಲಿ ಮೊದಲ ನೋಡಿಟ್ಟುಕೊಂಡಿದ್ರಿ ಅಲ್ಲ?" ಎಂದುಬಿಟ್ಟೆ.

ಮಾಸ್ಟರ್ ಎಲೆಗಳನ್ನು ಕೆಳಗಿಟ್ಟರು. "ಅರೆ ಯಕ್ಕಾ, ಇಷ್ಟು ವರ್ಷದಾಗ ಯಾರಿಗೂ ಸಿಕ್ಕಿದ್ದಿಲ್ಲ ಇದು. ಇತ್ತ ಬರ್ರಿ. ನೀವು ಊರೆಲ್ಲ ಹೇಳೋದಕ್ಕಿಂತ ಕಲಿಯೋದ ಚಲೋ."

ಹಾಗೆ ಕಲಿತೆ. ಎಲೆಗಳು ನನ್ನ ಕೈಗೆ ಲೇಬಲ್ಲಿನಷ್ಟೇ ಸಲೀಸಾದವು. ಮಾಸ್ಟರ್ ಒಂದು ಎಲೆ ಬಚ್ಚಿಟ್ಟು ಉಳಿದವನ್ನು ಕೊಟ್ಟರೆ, ವಿಂಗಡಿಸಿ ನೋಡಿ ಯಾವುದಿಲ್ಲವೆಂದು ಹೇಳುತ್ತಿದ್ದೆ. ಅವರು ಬೇಸರಪಡುತ್ತಿದ್ದದ್ದು ಒಂದಕ್ಕೇ. "ಯಕ್ಕಾ, ಕೈ ನೋಡಬ್ಯಾಡ್ರಿ, ಮಂದಿ ಮುಖ ನೋಡ್ರಿ. ನೀವು ಎಲ್ಲಿ ನೋಡ್ತೀರೋ ಅವರೂ ಅಲ್ಲೇ ನೋಡ್ತಾರ." ನನಗೆ ಮುಖ ನೋಡುವುದೊಂದು ಮಾತ್ರ ಬರಲಿಲ್ಲ.

ಕಾವೇರಿಗೆ ಮದುವೆಯಾದ ಮೂರನೇ ವರ್ಷ, ಐದು ತಿಂಗಳ ಬಸಿರು ನಿಲ್ಲದೆ ಹೋಯಿತು. ಬಳ್ಳಾರಿಗೆ ಬಂದು ನನ್ನ ಬಳಿ ಎರಡು ತಿಂಗಳಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಒಂದು ಮಧ್ಯಾಹ್ನ ಏನೂ ತೋಚದೆ ಎಲೆ ತೆಗೆದು ಆಟ ತೋರಿಸಿದೆ. ಗಡಿಬಿಡಿಯಲ್ಲಿ ಬೇರೆಯದೇ ಎಲೆ ಎತ್ತಿ ಹಿಡಿದೆ. "ಯವ್ವಾ, ಇದಲ್ಲ" ಎಂದು ನಕ್ಕಳು. ಎರಡು ತಿಂಗಳಲ್ಲಿ ಅದೇ ಮೊದಲ ನಗು. ಆಮೇಲೆ ದಿನಾ ಕೇಳಿ ಕೇಳಿ ಆಟ ಆಡಿಸಿದಳು.

ಎರಡು ವರ್ಷದ ಮೇಲೆ ಮತ್ತೆ ಬಸುರಾದಳು. ಏಳನೇ ತಿಂಗಳಲ್ಲಿ ಕುರುಗೋಡಿನ ಗಂಡನ ಮನೆಯಲ್ಲಿ ಕುಬುಸ ಇಟ್ಟುಕೊಂಡರು. ಹಿಂದಿನ ದಿನ ಫೋನ್ ಮಾಡಿ, "ಯವ್ವಾ, ನನಗ ಹೆದರಿಕಿ ಆಗೇತಿ. ನಾಳೆ ನೀ ನನ್ನ ಮುಂದ ಕುಂದರಬೇಕು. ಎಲಿ ತರೋದು ಮರೀಬ್ಯಾಡ" ಎಂದಳು. ಹೂಂ ಎಂದೆ.

ಹೂಂ ಎಂದೆನೇ ಹೊರತು ಧೈರ್ಯ ಇರಲಿಲ್ಲ. ಕುಬುಸದಲ್ಲಿ ಬಸುರಿಯ ಉಡಿ ತುಂಬುತ್ತಾರೆ. ಅವಳು ಮಡಿಲಲ್ಲಿ ಹಾಸಿಕೊಂಡ ಸೆರಗಿಗೆ ಐದು ಹಿಡಿ ಅಕ್ಕಿ, ಕೊಬ್ಬರಿ, ಉತ್ತುತ್ತಿ ಹಾಕುವವರು ಮುತ್ತೈದೆಯರು. ಗಂಡ ಇಲ್ಲದವರು ಒಳಗಿರುವುದು ವಾಡಿಕೆ. ನನಗೆ ಯಾರೂ ಒಳಗೆ ಹೋಗೆಂದು ಹೇಳಲಿಲ್ಲ. ನಾನೇ ಹೋಗಿ ಅಡುಗೆಮನೆಯಲ್ಲಿ ಹೋಳಿಗೆಯ ಬುಟ್ಟಿಯ ಹಿಂದೆ ಕುಳಿತೆ.

ಸ್ವಲ್ಪ ಹೊತ್ತಿಗೆ ಸಿರುಗುಪ್ಪದಿಂದ ಬಂದಿದ್ದ ನನ್ನ ತಂಗಿ ಶಾಂತಮ್ಮ ಬಂದಳು. "ಯಕ್ಕಾ, ನಿನ್ನ ಮಗಳು ಬೆಳಿಗ್ಗಿಂದ ಒಂದು ತುತ್ತು ಬಾಯಾಗ ಇಟ್ಟಿಲ್ಲ. ಅವ್ವ ಬಂದ ಮ್ಯಾಲೆ ಅಂತಾಳ. ಫೋಟೋದಾತ ಇನ್ನೂ ಬಂದಿಲ್ಲ, ಉಡಿ ತುಂಬಾಕ ತಡ ಐತಿ. ಎದ್ದು ಬಾ."

"ನಾ ಒಲ್ಲೆ."

"ಹಂಗಾದ್ರ ಅಕಿನ್ನ ಕುರ್ಚಿ ಸಮೇತ ಇಲ್ಲೇ ಹೊತ್ತು ತರ್ತೀನಿ ನೋಡು."

ತಂದರೂ ತರುವವಳೇ ಅವಳು. ಎದ್ದು ಹೋದೆ. ಪಡಸಾಲೆಯ ತುಂಬ ಹೆಂಗಸರು. ನಡುವೆ ಹಸಿರು ಸೀರೆ ಉಟ್ಟು, ಸೆರಗು ಹಾಸಿಕೊಂಡು ಬಿಗಿಯಾಗಿ ಕುಳಿತಿದ್ದ ಕಾವೇರಿ. ಪಕ್ಕದಲ್ಲಿ ಅವಳ ಗಂಡನ ಅಜ್ಜಿ ಗೌರಮ್ಮ. ಎಂಬತ್ತು ದಾಟಿದವರು. ಆ ಮನೆಯಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ನನ್ನ ಸಂಚಿಯಿಂದ ಎಲೆಯ ಕಟ್ಟು ಹೊರಬಂದದ್ದೇ ಅವರ ಹುಬ್ಬು ಗಂಟಾಯಿತು.

"ಏನದು? ಇಸ್ಪೀಟಾ? ಕುಬುಸದ ಮನ್ಯಾಗ?"

"ಜೂಜಲ್ಲರಿ ಅಜ್ಜಿ, ಮ್ಯಾಜಿಕ್ಕು" ಎಂದಳು ಶಾಂತಮ್ಮ.

"ನಮ್ಮ ಮನಿಯವರು ಇದರಾಗ ಎರಡು ಎತ್ತು ಸೋತು ಬಂದಿದ್ರು. ಇದರ ಮ್ಯಾಜಿಕ್ಕು ನನಗ ಹೇಳ್ತೀಯೇನು?"

ಹೆಂಗಸರು ನಕ್ಕರು. ಕಾವೇರಿಯೂ ಸ್ವಲ್ಪ ನಕ್ಕಳು. ಅದೇ ಧೈರ್ಯದ ಮೇಲೆ ಎಲೆ ಕಲಸಿ, ಬಿಡಿಸಿ ಹಿಡಿದೆ. ಅವಳು ಒಂದನ್ನು ತೆಗೆದು ನೋಡಿದಳು. ನೋಡಿದವಳ ಮುಖ ಯಾಕೋ ಬಾಡಿತು. ಬೇರೆಯವರಿಗೆ ಕಾಣಬಾರದೆಂದು ಎಲೆಯನ್ನು ಮಗುಚಿ ಮಡಿಲಲ್ಲಿ ಇಟ್ಟುಕೊಂಡಳು.

"ಈಗ ಇದರಾಗ ಇಡು" ಎಂದು ಕೈ ಚಾಚಿದೆ.

ನಡುವೆ ಗೌರಮ್ಮನ ಕೈ ಬಂತು. "ಉಡಿಯಾಗ ಬಿದ್ದದ್ದು ಹೊರಗ ತಗೀಬಾರದು."

"ಅಜ್ಜಿ, ಅದು ಬರೇ ಎಲಿರಿ."

"ಏನರ ಆಗಲಿ. ಬಿತ್ತಂದ್ರ ಬಿತ್ತು."

ಕಾವೇರಿ ಎರಡೂ ಕೈ ಎಲೆಯ ಮೇಲೆ ಒತ್ತಿ ಹಿಡಿದಳು. ಒಮ್ಮೆ ಕಳೆದುಕೊಂಡವಳ ಉಡಿಯಿಂದ ಏನನ್ನಾದರೂ ತೆಗೆ ಎನ್ನಲು ನನಗೂ ಬಾಯಿ ಬರಲಿಲ್ಲ. ಆದರೆ ಎಲೆ ಕಟ್ಟಿಗೆ ಮರಳದೆ ನನ್ನ ಆಟವೇ ಇಲ್ಲ. ಕಾಲು ಅಡುಗೆಮನೆಯ ಕಡೆ ಎಳೆಯುತ್ತಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು. ಆಗ ಲೇಬಲ್ಲಿನ ಕಟ್ಟು ನೆನಪಾಯಿತು.

"ಒಂದು ಹೋಳಿಗಿ ತಿನ್ನು. ಅದು ಮುಗಿಯೂದ್ರಾಗ ನಿನ್ನ ಎಲಿ ಯಾವುದಂತ ಹೇಳ್ತೀನಿ" ಎಂದೆ.

ಶಾಂತಮ್ಮ ಹೋಳಿಗೆ ತಂದು ತಿನ್ನಿಸತೊಡಗಿದಳು. ಬೆಳಿಗ್ಗೆಯಿಂದ ಉಣ್ಣದವಳು ತಿನ್ನುತ್ತಾಳೆಂದು ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ. ಮಾಸ್ಟರ್ ಹೇಳುತ್ತಿದ್ದದ್ದು ಇದನ್ನೇ. ನಾನು ಐವತ್ತೊಂದು ಎಲೆಗಳನ್ನು ನೆಲದ ಮೇಲೆ ಸರಸರನೆ ನಾಲ್ಕು ಗುಂಪು ಮಾಡಿ ಕಣ್ಣಾಡಿಸಿದೆ. ಮೂರು ಗುಂಪು ಸರಿಯಿದ್ದವು. ಕಪ್ಪು ಇಸ್ಪೀಟಿನ ಗುಂಪಿನಲ್ಲಿ ಮೂರರ ಎಲೆ ಇರಲಿಲ್ಲ.

ಮೂರೆಂದರೆ ಅಪಶಕುನ. ನಮ್ಮ ಕಡೆ ತಟ್ಟೆಗೆ ಮೂರು ರೊಟ್ಟಿ ಹಾಕುವುದಿಲ್ಲ, ಯಾರಿಗೂ ಮೂರು ಕೊಡುವುದಿಲ್ಲ. ಅದೂ ಕುಬುಸದ ದಿನ, ಉಡಿಯಲ್ಲಿ. ಮಗಳ ಮುಖ ಯಾಕೆ ಬಾಡಿತೆಂದು ಆಗ ತಿಳಿಯಿತು. ಸುಳ್ಳು ಹೇಳಿದರೂ ಅವಳಿಗೆ ಗೊತ್ತಿರುತ್ತಿತ್ತು.

"ಇಸ್ಪೀಟ್ ಮೂರು" ಎಂದೆ.

ಕಾವೇರಿ ಎಲೆ ಮಗುಚಿ ತೋರಿಸಿದಳು. ಅಯ್ಯ, ಹೇಳೇಬಿಟ್ಟಳಲ್ಲ ಎಂದು ಗದ್ದಲವೆದ್ದಿತು. ಅದರೊಳಗಿಂದ ಯಾರೋ, "ಮೂರಾ? ಉಡಿಯಾಗ?" ಎಂದರು. ಗದ್ದಲ ನಿಂತಿತು. ಕಾವೇರಿಯ ಬಾಯಲ್ಲಿದ್ದ ಹೋಳಿಗೆಯೂ ನಿಂತಿತು.

ನಾನು ಯೋಚಿಸಲಿಲ್ಲ. ಕೈ ತಾನಾಗಿ ಕೆಂಪು ಆಟೀನ್ ಗುಂಪಿನಿಂದ ಎರಡರ ಎಲೆಯನ್ನು ಎತ್ತಿ ಅವಳ ಉಡಿಯಲ್ಲಿ, ಆ ಮೂರರ ಪಕ್ಕ ಇಟ್ಟಿತು. "ಮೂರು, ಎರಡು, ಐದಾತು. ಉಡಿಗೆ ಐದ ಅಲ್ಲೇನು?"

ಗಂಡ ಇಲ್ಲದ ನಾನು ಉಡಿಗೆ ಕೈ ಹಾಕಿದ್ದೆನೆಂದು ಹೇಳಿದ ಮೇಲೆ ನನಗೇ ಹೊಳೆಯಿತು. ಕೈ ಹಿಂದಕ್ಕೆ ಎಳೆದುಕೊಂಡೆ. ಗೌರಮ್ಮ ಬಗ್ಗಿ, ಎರಡೂ ಎಲೆಗಳ ಮೇಲೆ ಬೆರಳಿಟ್ಟು ಒಂದೊಂದೇ ಗುರುತು ಎಣಿಸಿದರು.

"ಲೆಕ್ಕ ಸರಿ ಐತಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬೀಗ್ತಿ, ಉಡಿಗೆ ಕೈ ಇಟ್ಟ ಮ್ಯಾಲೆ ಅರ್ಧಕ್ಕ ಬಿಡಬಾರದು. ಆ ಅಕ್ಕಿ ಮೊರ ಇತ್ತ ತರ್ರಿ. ಮೊದಲ ಇಕಿನೇ ತುಂಬಲಿ."

ಒಂದು ಎಲೆಯನ್ನೂ ಬೀಳಿಸದ ಕೈಯಿಂದ ಐದು ಹಿಡಿ ಅಕ್ಕಿ ಹಾಕುವಷ್ಟರಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು. "ಇಸ್ಪೀಟ್ ಹಿಡಿಯಾಕ ಬರ್ತೈತಿ, ಅಕ್ಕಿ ಹಿಡಿಯಾಕ ಬರವಲ್ದು ನಮ್ಮಕ್ಕಗ" ಎಂದಳು ಶಾಂತಮ್ಮ. ಕಾವೇರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ತಲೆ ಎತ್ತಿ ನೋಡಿದೆ. ಎಲ್ಲರ ಮುಖವನ್ನೂ ನೋಡಿದೆ. ಅಷ್ಟು ಮುಖಗಳನ್ನು ಒಮ್ಮೆಗೇ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆ ಎರಡು ಎಲೆಗಳು ಹಸಿರು ಸೀರೆಯ ಮಡಿಕೆಯಲ್ಲಿ ಕುರುಗೋಡಿನಲ್ಲೇ ಇವೆ. ದಾದಾಪೀರ್ ಮಾಸ್ಟರ್ ಹೊಸ ಕಟ್ಟು ತಂದುಕೊಟ್ಟರು. ನಾನು ಬಿಚ್ಚಿಲ್ಲ. ಐವತ್ತರಲ್ಲೇ ಆಟ ತೋರಿಸುತ್ತೇನೆ, ಈಗ ಎಲ್ಲರ ಮುಂದೆ ಎದ್ದು ನಿಂತುಕೊಂಡೇ ತೋರಿಸುತ್ತೇನೆ. ಹೋದ ತಿಂಗಳು ಕಾವೇರಿಯ ಮಗಳು ಪುಟ್ಟಿಗೆ ಒಂದು ಎಲೆ ತೆಗೆ ಎಂದೆ. ತೆಗೆದವಳು ಫ್ರಾಕಿನ ಮಡಿಲಲ್ಲಿ ಹಾಕಿಕೊಂಡು, ಕೊಡು ಎಂದರೆ ತಲೆ ಅಲ್ಲಾಡಿಸಿದಳು. "ಉಡಿಯಾಗ ಬಿದ್ದದ್ದು ಕೊಡಬಾರದು. ಗೌರಜ್ಜಿ ಹೇಳ್ಯಾಳ."

ಈಗ ನಲವತ್ತೊಂಬತ್ತು ಉಳಿದಿವೆ.