ನೀರಿನ ಮುಳ್ಳು, ಕಬ್ಬಿಣದ ಮುಳ್ಳು

ಮಾಡಗ್ಯಾಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಹದಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಜತ್ತಕ್ಕೆ ಹೊರಡುವ ಮೊದಲ ಜೀಪಿನ ಬಾನೆಟ್ಟು ಮೇಲೆದ್ದಿದೆ, ಅದರೊಳಗೆ ಒಬ್ಬ ಹೆಂಗಸು ಸೊಂಟದತನಕ ಬಗ್ಗಿದ್ದಾರೆ. ಸೆರಗು ಬಿಗಿದು ಕಟ್ಟಿದ್ದಾರೆ. ಹಲ್ಲಿನ ನಡುವೆ ಒಂದು ತುಂಡು ವೈರು, ಬಲಗೈಯಲ್ಲಿ ಬೋಲ್ಟು ತಿರುಗಿಸುವ ಸಣ್ಣ ಪಾನಾ. ಎಡಗೈ ಎಂಜಿನ್ನಿನ ಸಂದಿಯಲ್ಲಿ ಎಲ್ಲೋ ಒಳಗೆ ಹೋಗಿಬಿಟ್ಟಿದೆ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಕುರಿಗಾರರು ಕೂತಿದ್ದಾರೆ. ಅವರ ಕಾಲ ನಡುವೆ ಬಾಜಾರಕ್ಕೆ ಹೊರಟ ಎರಡು ಟಗರು.

"ಚಾಬಿ ತಿರುವ್ರಿ" ಎಂಬ ದನಿ ಬಾನೆಟ್ಟಿನ ಒಳಗಿನಿಂದ ಬರುತ್ತದೆ. ಡ್ರೈವರ್ ಅನಿಲ ಚಾಬಿ ತಿರುವುತ್ತಾರೆ. ಸ್ಟೇರಿಂಗಿನ ಪಕ್ಕ ತಗಡಿನ ಪಟ್ಟಿಯಲ್ಲಿ ಕೂರಿಸಿದ ಎರಡು ದುಂಡು ಮೀಟರುಗಳಲ್ಲಿ ಮುಳ್ಳುಗಳು ಸಣ್ಣಗೆ ನಡುಗಿ ನಿಲ್ಲುತ್ತವೆ. ಗಾಡಿ ಚಾಲೂ ಆದ ಮೇಲೂ ಆಕೆ ಹೋಗುವುದಿಲ್ಲ. ಕೈ ಒರೆಸಿಕೊಳ್ಳುತ್ತ ಡ್ರೈವರ್ ಬಾಜೂ ಬಂದು ನಿಂತು, ಮುಳ್ಳು ಮೆಲ್ಲಗೆ ಮೇಲೇಳುವುದನ್ನು ಹಾಲು ಉಕ್ಕುವುದನ್ನು ಕಾಯುವವರ ಹಾಗೆ ನೋಡುತ್ತಾರೆ. ಕುರಿಗಾರರೊಬ್ಬರು ಹೊತ್ತಾಯಿತೆಂದು ಗೊಣಗುತ್ತಾರೆ. ಆಕೆಗೆ ಅದು ಕೇಳಿಸಿದಂತೆ ಕಾಣುವುದಿಲ್ಲ.

ಇವರು ಕಾಸೀಂಬಿ. ಜತ್ತ ತಾಲೂಕಿನ ಈ ಭಾಗದಲ್ಲಿ ಸೀಟು ತುಂಬಿದ ಮೇಲೆ ಹೊರಡುವ ಬಾಡಿಗೆ ಜೀಪಿಗೆ ವಡಾಪ ಎನ್ನುತ್ತಾರೆ. ವಡಾಪ ಓಡಿಸುವವರಿಗೆ ಕಾಸೀಂಬಿ ಗೊತ್ತು; ವಡಾಪದಲ್ಲಿ ಕೂತು ಹೋಗುವವರಿಗೆ ಗೊತ್ತಿಲ್ಲ. ಹಳೆಯ ಜೀಪುಗಳ ಎಂಜಿನ್ನು ಎಷ್ಟು ಕಾದಿದೆ, ಅದರ ಆಯಿಲ್ಲು ಸರಿಯಾಗಿ ಹರಿಯುತ್ತಿದೆಯೋ ಇಲ್ಲವೋ ಎಂದು ಡ್ರೈವರಿಗೆ ತೋರಿಸುವ ಸೆನ್ಸರು ಮತ್ತು ಮೀಟರು ಕೂರಿಸುವುದು ಇವರ ಕೆಲಸ. ಕಂಪನಿಯಿಂದ ಬಂದ ಮೀಟರುಗಳು ಈ ಗಾಡಿಗಳಲ್ಲಿ ಎಂದೋ ಸತ್ತುಹೋಗಿವೆ. ಸತ್ತವುಗಳ ಜಾಗದಲ್ಲಿ ಹೊರಗಿನಿಂದ ತಂದ ಬೇರೆ ಮೀಟರು ಹಾಕಿ ಜೀವ ಕೊಡುವವರು ಈ ಕಡೆ ಇವರೊಬ್ಬರೇ.

ಕಾಸೀಂಬಿಯ ತಂದೆಯದು ಕಲಾಯಿ ಕೆಲಸ. ಉಟಗಿ, ದರಿಬಡಚಿ ಎಂದು ಊರೂರು ತಿರುಗಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರ ಬಳಿಯುತ್ತಿದ್ದರು. ಮಗಳು ತಿದಿ ಒತ್ತುತ್ತಿದ್ದಳು. ನವಸಾಗರದ ಪುಡಿ ಉದುರಿಸದೆ ತವರ ಯಾಕೆ ಹಿಡಿಯುವುದಿಲ್ಲ, ಹೊಗೆ ಯಾಕೆ ಬೆಳ್ಳಗಿದೆ ಎಂದು ದಿನವಿಡೀ ಕೇಳುವುದು ಅವಳ ಅಭ್ಯಾಸ. ಅಪ್ಪ ಗೊತ್ತಿದ್ದದ್ದನ್ನು ಹೇಳುತ್ತಿದ್ದರು, ಗೊತ್ತಿಲ್ಲದಿದ್ದರೆ ತಿದಿ ಜೋರಾಗಿ ಒತ್ತು ಎನ್ನುತ್ತಿದ್ದರು.

ಮದುವೆಯಾಗಿ ಮಾಡಗ್ಯಾಳಕ್ಕೆ ಬಂದಾಗ ಗಂಡ ಗುಲಾಬ ಒಂದು ಹಳೆಯ ಡೀಸೆಲ್ ಜೀಪು ಓಡಿಸುತ್ತಿದ್ದರು. ಹೊಸ ಮದುವಣಗಿತ್ತಿಯೆಂದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಜತ್ತಕ್ಕೆ ಕರೆದೊಯ್ದರು. ದಾರಿಯುದ್ದಕ್ಕೂ ಕಾಸೀಂಬಿಯ ಕಣ್ಣು ಇದ್ದದ್ದು ಗಾಜು ಮಸುಕಾದ ಮೀಟರುಗಳ ಮೇಲೆ. ಇವು ಏನು ಹೇಳುತ್ತವೆ ಎಂದು ಕೇಳಿದರು. ಸತ್ತು ಬಹಳ ದಿನವಾಯಿತು ಎಂದರು ಗುಲಾಬ. ಹಾಗಾದರೆ ಗಾಡಿಗೆ ಜ್ವರ ಬಂದರೆ ಹೇಗೆ ತಿಳಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. ವಾಸನೆ ಬರುತ್ತದೆ, ಇಲ್ಲದಿದ್ದರೆ ಹಬೆ ಏಳುತ್ತದೆ ಎಂದು ಗುಲಾಬ ನಕ್ಕರು. ಅಷ್ಟು ಹೊತ್ತಿಗೆ ತಡವಾಗಿರುವುದಿಲ್ಲವೇ ಎಂದು ಆಕೆ ಮತ್ತೆ ಕೇಳಿದರು.

ಆ ಮೀಟರನ್ನು ಬಿಚ್ಚಿ ನೋಡಲು ಗುಲಾಬ ಬಿಟ್ಟದ್ದೇ ದೊಡ್ಡದು. ಮುಂದೆ ಜತ್ತದಲ್ಲಿ ಗಾಡಿಗಳ ವೈರಿಂಗ್ ಮಾಡುವ ಅಪ್ಪಾಸಾಬ ಎಂಬ ಹಿರಿಯರು, ಅಂಗಡಿಯ ಕಟ್ಟೆಯ ಮೇಲೆ ಕೂತು ಕೆಲಸ ನೋಡಲು ಬಿಟ್ಟರು. "ಕಲಿಸ್ತೀನಿ ಅಂತ ಒಮ್ಮಿನೂ ಅನ್ನಲಿಲ್ಲರಿ ಅವರು" ಎಂದು ಕಾಸೀಂಬಿ ನೆನೆಯುತ್ತಾರೆ. "ನನಗ ಕಾಣೂವಂಗ ಕೈ ಹಿಡದ ಮಾಡ್ತಿದ್ರು, ಅಷ್ಟ." ಬೆಸುಗೆಯನ್ನಂತೂ ಕಲಿಯಬೇಕಿರಲಿಲ್ಲ, ಅದು ತವರಿನಿಂದ ಬಂದದ್ದು. ಮಿರಜದ ಗುಜರಿಯಲ್ಲಿ ಮುರಿದ ಟ್ರಕ್ಕುಗಳಿಂದ ತೆಗೆದ ಮೀಟರು, ಸೆನ್ಸರು ಸಿಗುತ್ತಿದ್ದವು. ಗುಲಾಬರ ಜೀಪಿಗೆ ಮೊದಲು ಹಾಕಿದರು. ಆಮೇಲೆ ಬೇರೆಯವರು ಕೇಳತೊಡಗಿದರು. ಹೆಂಗಸು ಬಾನೆಟ್ಟು ಮುಟ್ಟುವುದೇ ಬೇಡ ಎಂದವರೂ ಇದ್ದರು. ಅಂಥವರ ಗಾಡಿಯ ತನಕ ಆಕೆ ಹೋಗಲಿಲ್ಲ.

ಈ ಗಾಡಿಗಳ ಪಾಡು ಹೊರಗಿನವರಿಗೆ ತಿಳಿಯಲಾರದು. ಒಳಗೆ, ಮೇಲೆ, ಹಿಂದಿನ ಪಾವಟಿಗೆಯ ಮೇಲೆ ಜನ. ಜೋಳದ ಚೀಲ, ಕುರಿ, ಹಾಲಿನ ಕ್ಯಾನು. ಡಾಂಬರು ಮುಗಿದ ಮೇಲೆ ಖಡಿ ರಸ್ತೆ, ಅದೂ ಮುಗಿದರೆ ಹಳ್ಳದ ಉಸುಕು, ಹೊಲದ ಬದುವು. ದೂರದ ವಸ್ತಿಗಳಿಗೆ ಹೋಗಬೇಕಾದರೆ ಒಂದನೇ ಗೇರಿನಲ್ಲೇ ಒದರುತ್ತ ಹೋಗಬೇಕು. ಚೈತ್ರದ ಬಿಸಿಲಿನಲ್ಲಿ ಎಂಜಿನ್ನಿನ ನೀರು ಕುದಿಯಲು ಎಷ್ಟು ಹೊತ್ತು?

ಕಾಸೀಂಬಿ ಸೆನ್ಸರು ಕೂರಿಸುತ್ತಿದ್ದದ್ದು ಎಂಜಿನ್ನಿನಿಂದ ರೇಡಿಯೇಟರಿಗೆ ಬಿಸಿನೀರು ಒಯ್ಯುವ ಮೇಲಿನ ರಬ್ಬರು ಪೈಪಿನಲ್ಲಿ. ಪೈಪನ್ನು ನಡುವೆ ಕತ್ತರಿಸಿ, ಒಂದು ಗೇಣಿಗೂ ಕಡಿಮೆಯ ಹಿತ್ತಾಳೆ ಕೊಳವೆ ಸೇರಿಸಿ, ಅದರಲ್ಲಿ ತೂತು ಕೊರೆದು ಸೆನ್ಸರು ತಿರುಗಿಸುವುದು. ಎಂಜಿನ್ನಿಗೆ ಕೈ ಹಚ್ಚುವ ಭಯವಿಲ್ಲ. ಎರಡೂ ಕಡೆ ರಬ್ಬರು ಇರುವುದರಿಂದ ಅರ್ಥಿಂಗಿಗೆ ಬೇರೆ ವೈರು ಎಳೆದರಾಯಿತು. ಮೂರು ನಾಲ್ಕು ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು.

ತೊಂಬತ್ತೇಳರ ಬೇಸಿಗೆಯಲ್ಲಿ ಉಟಗಿಯ ರೇವಪ್ಪನವರ ಜೀಪು ದರಿಬಡಚಿ ದಾರಿಯ ಏರಿನಲ್ಲಿ ನಿಂತುಬಿಟ್ಟಿತು. ಕೆಟ್ಟು ನಿಂತದ್ದಲ್ಲ, ಎಂಜಿನ್ನೇ ಹಿಡಿದುಕೊಂಡಿತ್ತು. ಒಳಗಿನ ಪಿಸ್ಟನ್ನುಗಳು ಕಾದು ಅಂಟಿಕೊಂಡು, ಹ್ಯಾಂಡಲ್ ಹಾಕಿ ತಿರುವಿದರೂ ಮಿಸುಕಲಿಲ್ಲ. ಜನರೆಲ್ಲ ಗಂಟುಮೂಟೆ ಹೊತ್ತು ಬಿಸಿಲಲ್ಲಿ ನಡೆದುಹೋದರು. ಎತ್ತಿನ ಗಾಡಿಗೆ ಕಟ್ಟಿ ಎಳೆಸಿಕೊಂಡು ಜೀಪನ್ನು ಮನೆಗೆ ತಂದ ರೇವಪ್ಪ ಮರುದಿನ ಎಸ್‌ಟಿ ಬಸ್ಸು ಹತ್ತಿ ಮಾಡಗ್ಯಾಳಕ್ಕೆ ಬಂದರು. ಜೋರು ಮಾಡುವ ಸ್ವಭಾವದವರಲ್ಲ. ಜೀಪುಗಳು ನಿಲ್ಲುವಲ್ಲಿ ಎಲ್ಲರೂ ಇದ್ದಾಗ ಒಂದೇ ಮಾತು ಆಡಿದರು.

"ಭಾಬಿ, ಗಾಡಿ ನಿಂದ್ರೂತನಾ ನಿನ್ನ ಮೀಟರ ಥಂಡಿ ಅದ ಅಂತ ತೋರಿಸ್ತಿತ್ತು."

ಅದೇ ವಾರದಲ್ಲಿ ಕೆಲವರು ಮೀಟರು ಕಿತ್ತು ತಂದು ಕಾಸೀಂಬಿಯ ಮನೆಯ ಕಟ್ಟೆಯ ಮೇಲೆ ಇಟ್ಟುಹೋದರು. ಇನ್ನು ಈ ಕೆಲಸ ಸಾಕು ಎಂದರು ಗುಲಾಬ, ಸಿಟ್ಟಿನಿಂದಲ್ಲ, ಹೆಂಡತಿಯ ಮೋರೆ ನೋಡಲಾರದೆ. ಆದರೆ ಆಕೆಯನ್ನು ಕಾಡುತ್ತಿದ್ದದ್ದು ಅವಮಾನಕ್ಕಿಂತ ಬೇರೆ ಒಂದು. ಎಂಜಿನ್ನು ಸುಟ್ಟುಹೋಗುವಷ್ಟು ಕಾದಿದ್ದಾಗ ಮುಳ್ಳು ತಣ್ಣಗಿದೆ ಎಂದದ್ದು ಹೇಗೆ? ಮೀಟರು ಕೆಟ್ಟಿದ್ದರೆ ಸರಿ. ಕೆಟ್ಟಿರದಿದ್ದರೆ?

ಎರಡು ದಿನ ಬಿಟ್ಟು ತಾವೇ ಉಟಗಿಗೆ ಹೋದರು. ರೇವಪ್ಪ ಮನೆಯಲ್ಲಿರಲಿಲ್ಲ. ಅವರ ಹೆಂಡತಿ ರುಕ್ಮವ್ವ ಬರ್ರಿ ಎಂದು ಒಳಗೆ ಕರೆದು, ನೀರು ಕೊಟ್ಟು, ಹಿತ್ತಲಲ್ಲಿ ನಿಂತ ಜೀಪು ತೋರಿಸಿದರು. ಕೆಳಗಿನ ರಬ್ಬರು ಪೈಪು ಉದ್ದಕ್ಕೆ ಸೀಳಿತ್ತು. ನೀರು ಒಂದು ಹನಿಯೂ ಉಳಿದಿರಲಿಲ್ಲ. ಮೀಟರು, ಸೆನ್ಸರು ಬಿಚ್ಚಿಕೊಳ್ಳುತ್ತಿರುವಾಗ ರೇವಪ್ಪ ಬಂದರು. ಕಾಸೀಂಬಿ ಮಾಫಿ ಕೇಳುತ್ತಾರೆಂದು ಅವರು ತಿಳಿದಿದ್ದರು. ಆಕೆ ಕೇಳಿದ್ದು, ಮುಳ್ಳು ಮೊದಲಿನಿಂದಲೂ ಕೆಳಗೇ ಇತ್ತೋ, ಏರಿ ಇಳಿಯಿತೋ ಎಂದು. ರೇವಪ್ಪ ಯೋಚಿಸಿ ಹೇಳಿದರು: ಏರಿತ್ತು. ಏರಿನ ಅರ್ಧಕ್ಕೆ ಬಂದಾಗ ಇಳಿಯತೊಡಗಿತು. ಎದುರು ಗಾಳಿ ಬೀಸುತ್ತಿತ್ತು, ಗಾಡಿ ಆರುತ್ತಿದೆ ಎಂದುಕೊಂಡು ಆಕ್ಸಿಲೇಟರು ಒತ್ತಿದೆ.

ಮನೆಗೆ ಬಂದವರೇ ಕಾಸೀಂಬಿ ಒಲೆಯ ಮೇಲೆ ಪಾತೇಲಿ ಇಟ್ಟು ನೀರು ಕುದಿಸಿದರು. ಗುಲಾಬ ಜೀಪಿನ ಬ್ಯಾಟರಿ ತಂದು ಕೊಟ್ಟರು. ಸೆನ್ಸರು ಕುದಿಯುವ ನೀರಿಗೆ ಇಳಿಸಿದಾಗ ಮುಳ್ಳು ಸರಸರ ಏರಿತು. ಮೀಟರು ಕೆಟ್ಟಿರಲಿಲ್ಲ. ಈಗ ಸೆನ್ಸರನ್ನು ನೀರಿನಿಂದ ಎತ್ತಿ, ಅದೇ ಪಾತೇಲಿಯ ಮೇಲೆ ಗಾಳಿಯಲ್ಲಿ ಹಿಡಿದರು. ಕೆಳಗೆ ನೀರು ಕೊತಕೊತ ಕುದಿಯುತ್ತಿದ್ದರೂ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಮತ್ತೆ ಅದ್ದಿದರು, ಮತ್ತೆ ಎತ್ತಿದರು. "ಆ ಹೊತ್ತಿಗಿ ನನಗ ನಗೀನೂ ಬಂತರಿ, ಅಳೂನೂ ಬಂತು" ಎನ್ನುತ್ತಾರೆ. "ಅದು ನೀರ ಮುಟ್ಟಿದ್ರ ಅಷ್ಟ ಹೇಳ್ತದ. ನೀರ ಹೋದ್ರ ಅದಕ್ಕ ಏನೂ ತಿಳಿಯಂಗಿಲ್ಲ. ನಾವು ಅದನ್ನ ಥಂಡಿ ಅಂತ ಓದೀವಿ."

ತಿಳಿದದ್ದು ಇಷ್ಟು: ನೀರು ಪೂರ್ತಿ ಸೋರಿಹೋದಾಗ, ಅಂದರೆ ಡ್ರೈವರಿಗೆ ಮೀಟರು ಅತ್ಯಂತ ಬೇಕಾದಾಗ, ರಬ್ಬರು ಪೈಪಿನ ಸೆನ್ಸರು ಕುರುಡಾಗುತ್ತದೆ. ನೀರನ್ನು ಕೇಳುವ ಬದಲು ಕಬ್ಬಿಣವನ್ನೇ ಕೇಳಬೇಕು. ಎಂಜಿನ್ನಿನ ತಲೆಗೆ, ಡ್ರೈವರುಗಳು ಹೆಡ್ಡು ಎನ್ನುವ ಭಾಗಕ್ಕೆ, ತೂತು ಕೊರೆಯುವ ಹಾಗಿಲ್ಲ. ಆದರೆ ಅದರಲ್ಲಿ ತಿರುಗಿಸಿ ಕೂರಿಸಿದ ಸಣ್ಣಪುಟ್ಟ ಬೋಲ್ಟುಗಳಿವೆ. ಅಂಥ ಒಂದು ಬೋಲ್ಟಿನ ಕೆಳಗೆ ಕೂರುವಂತೆ ತಾಮ್ರದ ಪಟ್ಟಿಯನ್ನು ಉಂಗುರ ಮಾಡಿ, ಅದಕ್ಕೆ ಸೆನ್ಸರನ್ನು ಬೆಸೆಯುವುದೆಂದು ಕಾಸೀಂಬಿ ಯೋಚಿಸಿದರು. ಅಂಗಡಿಯ ಬೆಸುಗೆ ತಂತಿ ಅಷ್ಟು ಕಾವಿಗೆ ಮೆತ್ತಗಾಗಬಹುದೆಂಬ ಅನುಮಾನವಿತ್ತು. ಅಪ್ಪನ ಚೀಲದಲ್ಲಿ ಉಳಿದಿದ್ದ ಕಲಾಯಿ ತವರ ಹೊರಗೆ ಬಂತು. ಸೆನ್ಸರಿನ ಒಳಗಿನ ಬಿಲ್ಲೆ ಸುಡಬಾರದೆಂದು ಅದಕ್ಕೆ ಹಸಿ ಅರಿವೆ ಸುತ್ತಿ ಬೆಸೆದರು. ಮೊದಲ ಕೆಲವು ಹಾಳಾದವು. ಒಂದು ನಿಂತಿತು.

ಇದು ನಿಜವಾಗಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ದಾರಿ. ಓಡುವ ಎಂಜಿನ್ನಿನ ನೀರು ಬಿಡಬೇಕು. ಅದಕ್ಕೆ ಇದ್ದದ್ದು ಗುಲಾಬರ ಜೀಪೊಂದೇ, ಮನೆಯ ಒಲೆ ಉರಿಯುತ್ತಿದ್ದದ್ದು ಅದರ ಮೇಲೆಯೇ. ಮರುದಿನ ಬೆಳಿಗ್ಗೆ ಗುಲಾಬ ತಾವೇ ಉಟಗಿಗೆ ಹೋಗಿ ರೇವಪ್ಪನವರನ್ನು ಕರೆದುಕೊಂಡು ಬಂದರು. ನೋಡುವುದಾದರೆ ಅವರೂ ನೋಡಲಿ ಎಂಬುದು ಅವರ ಮಾತು.

ಪೈಪಿನ ಸೆನ್ಸರಿಗೆ ಒಂದು ಮೀಟರು, ಹೆಡ್ಡಿನ ಉಂಗುರದ ಸೆನ್ಸರಿಗೆ ಇನ್ನೊಂದು ಮೀಟರು ಜೋಡಿಸಿ, ಮನೆಯ ಮುಂದೆ ಜೀಪು ಚಾಲೂ ಮಾಡಿ ಚೆನ್ನಾಗಿ ಕಾಯಿಸಿದರು. ರೇವಪ್ಪ ಡ್ರೈವರ್ ಸೀಟಿನಲ್ಲಿ ಕೂತು, ಎಳೆದರೆ ಎಂಜಿನ್ನು ಬಂದ್ ಆಗುವ ಗುಂಡಿಯ ಮೇಲೆ ಕೈ ಇಟ್ಟುಕೊಂಡಿದ್ದರು. ಕಾಸೀಂಬಿ ರೇಡಿಯೇಟರಿನ ಕೆಳಗಿನ ನಳ ಬಿಚ್ಚಿದರು. ಬಿಸಿನೀರು ಧೂಳಿನಲ್ಲಿ ಹರಿದುಹೋಯಿತು. ಎರಡು ಮುಳ್ಳುಗಳೂ ಕೆಲ ಹೊತ್ತು ಜೊತೆಜೊತೆಗೆ ನಿಂತಿದ್ದವು. ಆಮೇಲೆ ನೀರಿನ ಮುಳ್ಳು ಇಳಿಯತೊಡಗಿತು. ಕಬ್ಬಿಣದ ಮುಳ್ಳು ಏರತೊಡಗಿತು, ಮೊದಲು ನಿಧಾನವಾಗಿ, ಆಮೇಲೆ ಬೇಗಬೇಗ. ಗುಲಾಬ ಕಣ್ಣು ಬೇರೆ ಕಡೆ ತಿರುಗಿಸಿಕೊಂಡಿದ್ದರು. ಇನ್ನೂ ಸ್ವಲ್ಪ ನೋಡಬೇಕೆಂದು ಕಾಸೀಂಬಿಗೆ ಆಸೆ. ಅಷ್ಟರಲ್ಲಿ ರೇವಪ್ಪ ತಾವೇ ಗುಂಡಿ ಎಳೆದು ಎಂಜಿನ್ನು ಬಂದ್ ಮಾಡಿದರು.

"ಸಾಕು ಭಾಬಿ" ಎಂದರು. "ನನ್ನ ಗಾಡಿ ಎಂಜಿನ್ ಕಟ್ಟಿಸಿದ ಮ್ಯಾಲ ಮೊದಲ ಇಲ್ಲಿಗೇ ತರ್ತೀನಿ. ಎರಡೂ ಹಾಕು."

ಅಂದಿನಿಂದ ಕಾಸೀಂಬಿ ಒಂದೇ ಮೀಟರು ಹಾಕಿಕೊಡುವುದಿಲ್ಲ. ಹಾಕಿದರೆ ಎರಡು. ಡ್ರೈವರುಗಳಿಗೆ ಹೇಳುವುದೂ ಬಹಳವಿಲ್ಲ: ಎರಡೂ ಕೂಡಿ ಏರಿದರೆ ನಿಲ್ಲಿಸಿ ಆರಿಸಿರಿ, ಒಂದು ಇಳಿದು ಒಂದು ಏರಿದರೆ ನೀರು ಹೋಗಿದೆ, ಅಲ್ಲೇ ಬಂದ್ ಮಾಡಿರಿ. ಮೂರನೆಯದು ಬೇಕೆಂದವರಿಗೆ ಆಯಿಲ್ಲಿನದೂ ಹಾಕುತ್ತಾರೆ. ಈವರೆಗೆ ಎಷ್ಟು ಗಾಡಿಗೆ ಹಾಕಿದ್ದೀರಿ ಎಂದರೆ ಲೆಕ್ಕ ಇಟ್ಟಿಲ್ಲ ಎನ್ನುತ್ತಾರೆ. ನಡುವೆ ಗುಲಾಬ ಮಾತು ಸೇರಿಸುತ್ತಾರೆ: ಜತ್ತದ ಕಡೆಯಿಂದ ಬರುವ ವಡಾಪಗಳಲ್ಲಿ ತಗಡಿನ ಪಟ್ಟಿ ಕಂಡರೆ ಅದು ಇವಳದೇ ಕೈ.

ಈಗ ಎರಡು ಸಾವಿರದ ನಾಲ್ಕು. ರಸ್ತೆಗಳು ಸುಧಾರಿಸುತ್ತಿವೆ. ಹೊಸ ಗಾಡಿಗಳು ಮೀಟರು ಸಮೇತವೇ ಬರುತ್ತವೆ. ಅದರಿಂದ ಕೆಲಸ ಕಡಿಮೆಯಾಗುವುದಿಲ್ಲವೇ ಎಂದು ಕೇಳಿದರೆ ಕಾಸೀಂಬಿಗೆ ಚಿಂತೆಗಿಂತ ಕುತೂಹಲವೇ ಹೆಚ್ಚು. ಹೊಸ ಗಾಡಿಯವರು ಸೆನ್ಸರನ್ನು ಎಲ್ಲಿ ಇಟ್ಟಿದ್ದಾರೆಂದು ಈಗಾಗಲೇ ಇಣುಕಿ ನೋಡಿಯಾಗಿದೆ. ಕೆಲವರದು ಒಳ್ಳೆಯ ಜಾಗವಂತೆ. ಕೆಲವರದು ಯಾಕೆ ಅಲ್ಲಿ ಎಂದು ಇನ್ನೂ ತಿಳಿದಿಲ್ಲವಂತೆ.

ಮಗಳು ಜಾಸ್ಮಿನ ಹೋದ ವರ್ಷ ಸಾಲೆಯ ಪ್ರವಾಸದಲ್ಲಿ ಸಾಂಗಲಿಗೆ ಹೋಗಿದ್ದಳು. ಅಲ್ಲಿಯ ಒಂದು ಕಾಲೇಜಿನಲ್ಲಿ ಇಡೀ ಎಂಜಿನ್ನನ್ನು ನಡುವೆ ಸೀಳಿ, ನೀರು ಹೋಗುವ ದಾರಿಗೆ ನೀಲಿ, ಆಯಿಲ್ಲಿನ ದಾರಿಗೆ ಹಳದಿ ಬಣ್ಣ ಬಳಿದು ಇಟ್ಟಿದ್ದಾರಂತೆ. ಮಗಳು ಬಂದು ಹೇಳಿದ ದಿನ ಕಾಸೀಂಬಿ ಅದನ್ನೇ ಮತ್ತೆ ಮತ್ತೆ ಹೇಳಿಸಿದರು. ಇಷ್ಟು ವರ್ಷ ಎಂಜಿನ್ನನ್ನು ಹೊರಗಿನಿಂದಲೇ ಮುಟ್ಟಿ ಒಳಗನ್ನು ಅಂದಾಜು ಮಾಡಿದವರು ಅವರು. ಸುಗ್ಗಿ ಮುಗಿದ ಮೇಲೆ ಕರೆದುಕೊಂಡು ಹೋಗುವುದಾಗಿ ಗುಲಾಬ ಮಾತು ಕೊಟ್ಟಿದ್ದಾರೆ.

ಅಲ್ಲಿ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದರೆ ಕಾಸೀಂಬಿ ಪಾನಾ ಒರೆಸಿ ಚೀಲಕ್ಕೆ ಹಾಕುತ್ತಾರೆ.

"ಮಾಡೂದೇನದರಿ, ಮುಟ್ಟಗೊಡೂದಿಲ್ಲಂತ. ನಿಂತು ನೋಡ್ತೀನಿ. ನಾ ತಿಳಕೊಂಡಂಗ ಅದನೋ, ಇಲ್ಲೋ, ನೋಡ್ಕೊಂಡ ಬರ್ತೀನಿ."