ಅಕ್ಕಿ ಮೂಟೆಗಳನ್ನು ಕೂರಿಸಿದ ಕಾರು

ಡಾಕ್ಟರ್ ಮಂಜಪ್ಪನವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಮುಚ್ಚಿದ ಎಡಗಣ್ಣು. ಐರ್ಲೆಂಡಿನ ಲಿಮೆರಿಕ್‌ನ ನಮ್ಮ ಬಡಾವಣೆಯಲ್ಲಿ, ಮನೆ ಮುಂದಿನ ಕಾಂಕ್ರೀಟಿನ ಮೇಲೆ ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕೊತ್ತಿ, ಹಳೆಯ ಕಾರಿನ ಪಕ್ಕ ಬಿಗಿದ ದಾರವನ್ನು ಒಂದೇ ಕಣ್ಣಿನಿಂದ ನೋಡುತ್ತಿದ್ದರು. ದಾರದ ಇನ್ನೊಂದು ತುದಿ ಪಕ್ಕದ ಮನೆಯವಳಾದ ನನ್ನ ಕೈಯಲ್ಲಿ. ಮುಚ್ಚಿದ್ದು ಎಡಗಣ್ಣೇ ಎಂದು ಆಣೆ ಮಾಡಲಾರೆ. ಆಗಿನ ನನ್ನ ಡೈರಿಯಲ್ಲಿ ‘ಒಂದು ಕಣ್ಣು’ ಎಂದಷ್ಟೇ ಇದೆ. ಎಡ ಎಂಬುದನ್ನು ಯಾವಾಗ ಸೇರಿಸಿಕೊಂಡೆನೋ ತಿಳಿಯದು.

ಆಸ್ಪತ್ರೆಯಲ್ಲಿ ಅವರು ಅರಿವಳಿಕೆ ತಜ್ಞರು. ಹಿರಿಯೂರಿನ ಗಾರೆ ಮೇಸ್ತ್ರಿಯ ಮಗ. ಯಂತ್ರಕ್ಕಿಂತ ದಾರವನ್ನೇ ನಂಬುತ್ತಿದ್ದರು. “ಕಣ್ಣು ನಿನ್ನ ಸಮಾಧಾನಕ್ಕೆ ಏನ್ ಬೇಕಾದ್ರೂ ಹೇಳುತ್ತೆ ಕಣಮ್ಮ, ದಾರಾನ ಕೇಳು” ಎನ್ನುತ್ತಿದ್ದರು.

ಹಸಿರು ಬಣ್ಣದ, ಎರಡು ಬಾಗಿಲಿನ ಆ ಕಾರು ಅವರಿಗಿಂತ ಎರಡೇ ವರ್ಷ ಚಿಕ್ಕದು. ಹೆಂಡತಿ ವಿಮಲಕ್ಕನನ್ನು ಕೂರಿಸಿಕೊಂಡು ಪಶ್ಚಿಮದ ಕಡಲಂಚನ್ನೆಲ್ಲ ಸುತ್ತಬೇಕೆಂದು ಕೊಂಡಿದ್ದರು. ಅಷ್ಟರಲ್ಲಿ ವಿಮಲಕ್ಕನ ಬೆನ್ನಿಗೆ ಆಪರೇಷನ್ ಆಯಿತು. ಸವೆದ ಸ್ಪ್ರಿಂಗುಗಳ ಮೇಲೆ ಪ್ರತಿ ಗುಂಡಿಯೂ ನೇರ ಸೊಂಟಕ್ಕೇ ಬಡಿಯುತ್ತಿತ್ತು. ಒಂದು ದಿನ ಅವರು ಇಳಿದು ನಿಂತು, “ನಿಮ್ಮ ಕಾರು ನಂಗಿಷ್ಟ. ನನ್ನ ಬೆನ್ನಿಗೆ ಇಷ್ಟ ಇಲ್ಲ” ಎಂದರು. ಡಾಕ್ಟರು ಅಲ್ಲೇ ತೀರ್ಮಾನಿಸಿದರು: ಲಾಕ್‌ಡೌನ್ ತೆಗೆದು ದೂರ ಹೋಗಲು ಬಿಟ್ಟ ದಿನ ವಿಮಲ ನೋವಿಲ್ಲದೆ ಕಡಲಂಚಿನ ಗಾಲ್ವೇ ಊರು ತಲುಪಿದರೆ ಕಾರು ಉಳಿಯಿತು, ಇಲ್ಲದಿದ್ದರೆ ಮಾರುವುದೇ.

ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲದ ಕಾಲ ಅದು. ಹಳೆ ಕಾರುಗಳನ್ನು ಬಲ್ಲ ಗ್ಯಾರೇಜಿನವನು ಬಾಗಿಲು ಹಾಕಿಕೊಂಡಿದ್ದ. ಹೊಸ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಹಳೆಯದಕ್ಕಿಂತ ಅರ್ಧ ಇಂಚು ಹೆಚ್ಚು ಅಗಲದ ಚಕ್ರ, ರೇಡಿಯಲ್ ಟೈರು ಎಲ್ಲ ಕೊರಿಯರ್‌ನಲ್ಲಿ ಬಂದವು. ಕೋವಿಡ್ ವಾರ್ಡಿನಿಂದ ಬಂದ ಡಾಕ್ಟರು ಕೆನ್ನೆಯ ಮೇಲಿನ ಮಾಸ್ಕಿನ ಗೆರೆ ಮಾಸುವ ಮೊದಲೇ ಸ್ಪ್ಯಾನರ್ ಹಿಡಿಯುತ್ತಿದ್ದರು. ಅಲ್ಲಿ ಅವತ್ತು ಏನಾಯಿತೆಂದು ಒಮ್ಮೆಯೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ. ಕೊನೆಗೆ ಚಕ್ರಗಳು ನೇರವಾಗಿವೆಯೇ ಎಂದು ಅಳೆಯಲು ದಾರ ಬಂತು. ಹತ್ತಿರ ನಿಲ್ಲಬಹುದೇ ಎಂದು ನಾನು ಅಳುಕಿದಾಗ, “ನಾಲ್ಕು ಮೀಟರ್ ದಾರ ಐತೆ. ಸರ್ಕಾರ ಹೇಳಿದ್ದಕ್ಕಿಂತ ಎರಡು ಮೀಟರ್ ಜಾಸ್ತಿನೇ ದೂರ ಇದೀವಿ” ಎಂದರು.

ಮೊದಲ ಪರೀಕ್ಷೆ ಸೋತಿತು. ದಾರದ ಪ್ರಕಾರ ಕೂದಲೆಳೆಯಷ್ಟೂ ಓರೆಯಿಲ್ಲದ ಕಾರು ರಸ್ತೆಗಿಳಿದೊಡನೆ ಆ ಕಡೆ ಈ ಕಡೆ ಅಲೆಯತೊಡಗಿತು. ವಿಮಲಕ್ಕ ಮೊದಲ ತಿರುವಿನಲ್ಲೇ ಇಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆದೇ ಮನೆಗೆ ಬಂದರು. ಹಿಂದೆಯೇ ನಿಧಾನವಾಗಿ ಕಾರು ಬಂತು. ಎರಡು ದಿನ ಡಾಕ್ಟರು ಅದನ್ನು ಮುಟ್ಟಲಿಲ್ಲ.

ಮೂರನೆಯ ದಿನ ಬೇಲಿಯಾಚೆಯಿಂದ ಕರೆದರು. “ನಾನೆಂಥ ದಡ್ಡ. ಖಾಲಿ ಕಾರನ್ನ ಅಳೆದಿದೀನಿ. ಓಡೋವಾಗ ಒಳಗೆ ನಾವಿಬ್ರು ಇರ್ತೀವಲ್ಲ, ಅದು ಕುಗ್ಗಲ್ವಾ?” ಲಾಕ್‌ಡೌನಿನ ಭಯಕ್ಕೆ ಇಲ್ಲಿನ ಕನ್ನಡದ ಮನೆಗಳಿಗೆಲ್ಲ ಸೇರಿಸಿ ತರಿಸಿದ್ದ ಹತ್ತು ಕಿಲೋ ಸೋನಾ ಮಸೂರಿ ಮೂಟೆಗಳು ಅವರ ಗ್ಯಾರೇಜಿನಲ್ಲಿದ್ದವು. ತಮ್ಮ ಸೀಟಿಗೆ ಎಂಟು ಮೂಟೆ ಪೇರಿಸಿದರು. ಪಕ್ಕದ ಸೀಟಿಗೆ ಎಷ್ಟು ಎಂದು ಕೇಳಿದಾಗ ವಿಮಲಕ್ಕ ಕಿಟಕಿಯಿಂದಲೇ, “ಐದು ಸಾಕು” ಎಂದರು. ಡಾಕ್ಟರು ಏಳು ಇಟ್ಟರು.

“ಇನ್ನೆರಡು ಯಾರಿಗೆ?”

“ನಿನ್ನ ಹ್ಯಾಂಡ್‌ಬ್ಯಾಗಿಗೆ.”

ಮತ್ತೆ ಅದೇ ಕ್ರಮದಲ್ಲಿ ಜೋಡಿಸಲು ಸುಲಭವಾಗಲಿ ಎಂದು ಪ್ರತಿ ಮೂಟೆಯ ಮೇಲೂ ಹೆಸರು, ಸಂಖ್ಯೆ ಬರೆದು ಸೀಟ್‌ಬೆಲ್ಟ್ ಹಾಕಿದರು. ಆ ಅಕ್ಕಿ ದಂಪತಿಯನ್ನು ಒಳಗೆ ಕೂರಿಸಿ ನಾವು ಮೂರು ಸಂಜೆ ದಾರ ಹಿಡಿದು ಚಕ್ರಗಳನ್ನು ಮತ್ತೆ ನೇರ ಮಾಡಿದೆವು.

ನಿರ್ಬಂಧ ತೆರವಾದ ಮೊದಲ ಭಾನುವಾರ ಅವರ ಹಿಂದೆ ನನ್ನ ಕಾರಿನಲ್ಲಿ ನಾನೂ ಹೊರಟೆ. ಬೇಕೆಂದೇ ಡಾಕ್ಟರು ಮೋಟರ್‌ವೇ ಬಿಟ್ಟು ಗುಂಡಿಗಳ ಹಳೆ ರಸ್ತೆ ಹಿಡಿದರು. ಹಸಿರು ಕಾರು ಒಂದೊಂದು ಗುಂಡಿಯನ್ನೂ ಮೆಲ್ಲಗೆ ತುಳಿದು, ಒಮ್ಮೆ ಉಸಿರೆಳೆದು, ನೇರ ಸಾಗಿತು. ದಾರಿಯಲ್ಲಿನ ಗಾರ್ಟ್ ಊರು ದಾಟಿದ ಮೇಲೆ ವಿಮಲಕ್ಕನ ತಲೆ ಕಿಟಕಿಯತ್ತ ವಾಲಿದ್ದು ಕಂಡಿತು. ಕಾರು ಪಕ್ಕಕ್ಕೆ ನಿಂತಿತು. ನೋವೇ ಇರಬೇಕೆಂದು ನನ್ನ ಕಾರಿನಿಂದಿಳಿದು ಓಡಿದೆ. ಡಾಕ್ಟರು ಗಾಜಿನ ಹಿಂದಿನಿಂದ ತುಟಿಗೆ ಬೆರಳಿಟ್ಟು ತೋರಿಸಿದರು. ವಿಮಲಕ್ಕ ಬಾಯಿ ತೆರೆದು ನಿದ್ದೆ ಹೋಗಿದ್ದರು. ಡಾಕ್ಟರ ಕಣ್ಣು ತುಂಬಿತ್ತು ಎಂದು ನನ್ನ ನೆನಪು. ಡೈರಿಯಲ್ಲಿ ಅದಿಲ್ಲ. ಗಾಲ್ವೇಯ ಕಡಲೆದುರು ಎಚ್ಚರಾದಾಗ ಅಕ್ಕ, “ಇಷ್ಟು ಬೇಗ ಬಂತಾ? ಇನ್ನೂ ಸ್ವಲ್ಪ ಮುಂದೆ ಹೋಗೋಣ” ಎಂದದ್ದು ಮಾತ್ರ ಇದೆ.

ಮರುವರ್ಷ ಅವರು ನ್ಯೂಜಿಲೆಂಡಿಗೆ ಹೋದರು. ಸೋಫಾ, ಫ್ರಿಜ್ಜು, ದಿನಬಳಕೆಯ ಕಾರು ಎಲ್ಲವನ್ನೂ ಮಾರಿದರು. ಹಸಿರು ಕಾರೊಂದೇ ಲಾರಿಯೇರಿ ಬಂದರಿಗೆ ಹೊರಟಿತು. ಅದರ ಹಿಂದೆ ಟ್ಯಾಕ್ಸಿಯಿಂದ ಇಬ್ಬರೂ ಕೈಬೀಸಿದ್ದೇ ಕೊನೆ. ಟ್ಯಾಕ್ಸಿಯ ಬಣ್ಣ ಮರೆತಿದ್ದೇನೆ.

ಆ ಅಕ್ಕಿ ಎಂದೋ ಅವರವರ ಮನೆ ಸೇರಿ ಅನ್ನವಾಗಿತ್ತು. ನನ್ನ ಪಾಲಿಗೆ ಬಂದ ಮೂಟೆಯ ಚೀಲವನ್ನು ಮಾತ್ರ ಎಸೆದಿಲ್ಲ. ಅದರ ಮೇಲೆ ಡಾಕ್ಟರ ಕೈಬರಹದಲ್ಲಿ ‘ವಿಮಲ – 7’ ಎಂದಿದೆ. ಇದು ನೆನಪಲ್ಲ, ಈಗಲೂ ನನ್ನ ಅಡುಗೆಮನೆಯಲ್ಲಿದೆ.