ದೊರೆಸಾನಿಯರ ಅಂಕಣವೂ ಅಕ್ಕನ ಪಾಲೂ

ಕೋಲಾರದ ಒಂದು ಸಣ್ಣ ದಿನಪತ್ರಿಕೆಯಲ್ಲಿ ನಾನು ಉಪಸಂಪಾದಕನಾಗಿದ್ದಾಗ, ಯುರೋಪಿನ ಹಳೆಯ ಕಾಲದ ಸಿರಿವಂತ ಮನೆತನಗಳ ಹೆಂಗಸರ ಬಗ್ಗೆ ಭಾನುವಾರದ ಪುರವಣಿಗೆ ಬರೆಯುವ ಕೆಲಸ ನನಗೆ ಬಂತು. ಅದಕ್ಕೆ ಮೊದಲು ಆ ಜಾಗದಲ್ಲಿ ನಮ್ಮ ಜಿಲ್ಲೆಯ ಹಳೆಯ ಮನೆತನಗಳ ಕಥೆ ಬರುತ್ತಿತ್ತು. ಮೂರನೆಯ ವಾರಕ್ಕೇ ಒಂದು ಮನೆತನದವರು ವಕೀಲರ ನೋಟಿಸು ಕಳಿಸಿದರು. ಸಂಪಾದಕರು ನನ್ನನ್ನು ಕರೆದು, ಇನ್ನು ಮೇಲೆ ದೂರದೇಶದವರ ಬಗ್ಗೆ ಬರೆಯಬೇಕು, ಅವರು ಸತ್ತು ನೂರಿನ್ನೂರು ವರ್ಷವಾದರೂ ಆಗಿರಬೇಕು, ಚಿತ್ರ ಚೆನ್ನಾಗಿರಬೇಕು ಎಂದರು. ಮೂರು ಷರತ್ತಿಗೂ ದೊರೆಸಾನಿಯರು ಹೊಂದಿಕೊಂಡರು.

ನಾನು ಓದಿದೆ. ಕನಿಷ್ಠ ಇಬ್ಬರು ಇತಿಹಾಸಕಾರರು ಹೇಳದ ಮಾತನ್ನು ಬರೆಯಲಿಲ್ಲ. ಆ ಹೆಂಗಸರ ಬದುಕು ಚಿತ್ರದಲ್ಲಿ ಕಾಣುವಷ್ಟು ಸುಖದ್ದಲ್ಲ. ಕೋಟೆಯಂಥ ಮನೆ, ಕರೆದರೆ ಓಡಿಬರುವ ಆಳುಗಳು, ಎಲ್ಲ ನಿಜ. ಆದರೆ ಮನೆ ಅಪ್ಪನದು. ಅಪ್ಪ ಹೋದರೆ ಹಿರಿಯಣ್ಣನದು. ಅಣ್ಣನೂ ಇಲ್ಲದಿದ್ದರೆ ಎಷ್ಟೋ ಕಡೆ, ಎಂದೂ ಮುಖ ನೋಡದ ದಾಯಾದಿಯೊಬ್ಬನದು. ಮಗಳಿಗೆ ಕೊಡುವುದನ್ನು ಮದುವೆಯಲ್ಲೇ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ಅದೂ ಗಂಡನ ಹತೋಟಿಗೆ ಹೋಗುತ್ತಿತ್ತು. ಕೊಡಲು ಮನಸ್ಸಿಲ್ಲದವರು ಮಗಳನ್ನು ಸನ್ಯಾಸಿನಿಯರ ಮಠಕ್ಕೆ ಬಿಟ್ಟು ಬರುತ್ತಿದ್ದರು, ಆಸ್ತಿ ಒಡೆಯದೆ ಉಳಿಯುತ್ತಿತ್ತು, ಜೊತೆಗೆ ಪುಣ್ಯವೂ ಬರುತ್ತಿತ್ತು. ಕಾಣದ ವರನ ಬಣ್ಣದ ಚಿತ್ರ ನೋಡಿ ಒಪ್ಪಬೇಕಾದವರೂ ಇದ್ದರು. ಚಿತ್ರ ಬರೆದವನು ಸಾಮಾನ್ಯವಾಗಿ ವರನ ಕಡೆಯವನು. ನಡು ಸಣ್ಣಗೆ ಕಾಣಲೆಂದು ಬಿಗಿದ ಸೊಂಟಪಟ್ಟಿಯಿಂದ ಉಸಿರು ಕಟ್ಟಿ ಬಿದ್ದರೆ ಅದಕ್ಕೆ ಸುಕುಮಾರತೆ ಎಂದು ಹೆಸರು.

ಓದುಗರು ಕರಗಿದರು. ಹೋಳೂರಿನಿಂದ ಒಬ್ಬರು ಪತ್ರ ಬರೆದು, ಆ ತಾಯಂದಿರಿಗೆ ಈಗಲಾದರೂ ನ್ಯಾಯ ಸಿಕ್ಕಿದೆಯೇ ಎಂದು ವಿಚಾರಿಸಿದರು. ಟೊಮೆಟೊ ಮಾರುಕಟ್ಟೆಯ ಮಂಡಿ ಮಾಲೀಕರೊಬ್ಬರು ಪ್ರತಿ ಸೋಮವಾರ ಫೋನು ಮಾಡುತ್ತಿದ್ದರು. ಒಮ್ಮೆ, "ಹೊಟ್ಟೆ ಉರೀತದೆ ಸಾರ್. ಒಡಹುಟ್ಟಿದೋರಿಗೆ ಹಿಂಗ್ ಮಾಡ್ತಾರಾ?" ಎಂದರು. ತಮ್ಮ ಮೂವರು ತಂಗಿಯರಿಂದ ಶ್ರೀನಿವಾಸಪುರದಲ್ಲಿ ಒಂದೇ ದಿನ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿದ್ದನ್ನು, ಊಟದ ವಿವರದ ಸಮೇತ, ನನಗೆ ಹೇಳಿದವರೂ ಅವರೇ.

ಗೊತ್ತಿಲ್ಲದವರಿಗೆ ಈ ಪದ್ಧತಿಯನ್ನು ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸುತ್ತಾರೆ. ಒಬ್ಬಟ್ಟಿನ ಊಟ ಹಾಕಿ, ಅರಿಶಿನ ಕುಂಕುಮದ ಜೊತೆ ಸೀರೆ ಕೊಟ್ಟು, ಅದನ್ನೇ ಉಡಿಸಿ, ಕಾರಿನಲ್ಲಿ ಉಪನೋಂದಣಿ ಕಚೇರಿಗೆ ಕರೆದೊಯ್ಯುತ್ತಾರೆ. ಅಲ್ಲಿ ಅವರು ಅಪ್ಪನ ಜಮೀನಿನಲ್ಲಿ ತಮಗೇನೂ ಬೇಡವೆಂದು ಸಹಿ ಹಾಕಿ, ಫೋಟೊ ತೆಗೆಸಿಕೊಂಡು ಬರುತ್ತಾರೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಬಂದ ಮೇಲೆ ಈ ಪದ್ಧತಿ ನಿಲ್ಲಲಿಲ್ಲ. ಸೀರೆಯ ಅಂಚು ಮಾತ್ರ ಅಗಲವಾಯಿತು.

ಅಪ್ಪ ಹೋದ ವರ್ಷ ಅದು ನಮ್ಮ ಮನೆಗೂ ಬಂತು. ಬೈರಕೂರಿನ ಬಳಿ ನಮ್ಮದೊಂದು ಮಾವಿನ ತೋಟ. ನೋಡಿಕೊಳ್ಳುವವನು ಅಣ್ಣ. ನಮ್ಮಿಬ್ಬರ ನಡುವಿನವಳು ಅಕ್ಕ; ಮಾಲೂರಿಗೆ ಕೊಟ್ಟಿದ್ದೆವು. ಅವಳು ರವಿಕೆ ಹೊಲಿಯುತ್ತಿದ್ದಳು. ಮನೆ ಮಾವನ ಹೆಸರಿನಲ್ಲಿ, ಗಾಡಿ ಗಂಡನ ಹೆಸರಿನಲ್ಲಿ. ಪಡಿತರ ಚೀಟಿಯೊಂದನ್ನು ಬಿಟ್ಟರೆ ಅವಳ ಹೆಸರಿನಲ್ಲಿ ಏನೂ ಇರಲಿಲ್ಲ. ತೋಟದ ಖಾತೆ ನಮ್ಮಿಬ್ಬರ ಹೆಸರಿಗೆ ಆಗಲೆಂದು ಅಣ್ಣ ಮುಳಬಾಗಿಲಿನಲ್ಲಿ ಖುಲಾಸೆ ಪತ್ರ ಬರೆಸಿ, ನನಗೆ ವಾಟ್ಸಾಪ್‌ನಲ್ಲಿ ಕಳಿಸಿ, ತಪ್ಪಿದ್ದರೆ ತಿದ್ದು ಎಂದ.

ನಾನು ತಿದ್ದಿದೆ. ಜಮೀನಿನ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾಗಿತ್ತು, ಸರಿಪಡಿಸಿದೆ. ಉದ್ದ ವಾಕ್ಯಗಳನ್ನು ಒಡೆದೆ. ಬೇಡದ ವಿಶೇಷಣಗಳನ್ನು ಹೊಡೆದುಹಾಕಿದೆ. ಎರಡೂ ಕಡೆಯವರ ಹೇಳಿಕೆಯಿಲ್ಲದ ಚರಂಡಿ ಜಗಳವನ್ನೂ ಪುಟಕ್ಕೆ ಬಿಡದವನು ನಾನು. ಅಕ್ಕನನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಅಂದೇ ಸಂಜೆ, ಮಠಕ್ಕೆ ಹೋದ ದೊರೆಸಾನಿಯೊಬ್ಬಳ ಬಗ್ಗೆ ಎರಡು ಕಾಲಂ ಬರೆದು ಮುಗಿಸಿದೆ.

ಊಟದ ದಿನ ಅಕ್ಕ ಹಸಿರು ರೇಷ್ಮೆ ಸೀರೆಯುಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಕಾರು ಓಡಿಸುತ್ತಿದ್ದ ಅಣ್ಣ ದಾರಿಯುದ್ದಕ್ಕೂ ಆ ಲೇಖನವನ್ನೇ ಹೊಗಳಿದ. ಜಮೀನು ಒಡೆಯುತ್ತದೆ ಅಂತ ತಂಗಿಯನ್ನು ಮಠಕ್ಕೆ ಹಾಕಿದನಲ್ಲ, ಆ ಅಣ್ಣ ಮನುಷ್ಯನೇ ಅಲ್ಲ ಎಂದ.

"ಊಟ ಹಾಕಿ ಕಳ್ಸಿದ್ನಂತಾ ಅವ್ಳನ್ನ?" ಎಂದಳು ಅಕ್ಕ.

"ಅದನ್ನ ಇವ್ನು ಬರ್ದಿಲ್ಲ ಕಣಮ್ಮ," ಎಂದು ಅಣ್ಣ ನಕ್ಕ. ಅವನು ಪ್ರಾಮಾಣಿಕವಾಗಿಯೇ ನಕ್ಕ.

ಕಚೇರಿಯ ಬಾಗಿಲಲ್ಲೇ ಪತ್ರ ಬರಹಗಾರ ಕಾದಿದ್ದ. ಎಲ್ಲ ಸಿದ್ಧವೇ ಎಂದು ಅಣ್ಣನನ್ನು ತೆಲುಗಿನಲ್ಲಿ ಕೇಳಿದ. ನಮ್ಮ ಕಡೆ ವ್ಯವಹಾರದ ಮಾತೆಲ್ಲ ತೆಲುಗಿನಲ್ಲೇ. ನಮ್ಮ ಸರದಿ ಬಂತು. ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಒಪ್ಪಿಗೆಯಿಂದ ಸಹಿ ಹಾಕುತ್ತಿದ್ದೀರಾ ಎಂದು ಕೇಳಿದರು. ಬೆಳಗಿನಿಂದ ಎಲ್ಲರನ್ನೂ ಕೇಳಿದ್ದ ಪ್ರಶ್ನೆ. ಉತ್ತರಕ್ಕೆ ಕಾಯದೆ ಬೆರಳಚ್ಚಿನ ಯಂತ್ರವನ್ನು ಮುಂದಕ್ಕೆ ತಳ್ಳಿದರು.

ಅಕ್ಕ ಪತ್ರವನ್ನು ಓದಬೇಕು ಎಂದಳು. ನಿಂತುಕೊಂಡೇ ಓದಿದಳು, ಪ್ರತಿ ಪುಟವನ್ನೂ. ಹಿಂದೆ ಕಾಯುತ್ತಿದ್ದವರು ಗೊಣಗಿದರು. ಓದಿ ಮುಗಿಸಿ ನನ್ನ ಕಡೆ ತಿರುಗಿದಳು.

"ನೀನು ತಿದ್ದಿರೋದಲ್ವೇನೋ ಇದು?"

ಹೌದೆಂದೆ.

"ಚೆನ್ನಾಗೈತೆ. ಪೇಪರ್‌ನಲ್ಲಿ ಬರೆಯೋದಕ್ಕಿಂತ ಚೆನ್ನಾಗಿ ಅರ್ಥ ಆಗ್ತದೆ." ಆಮೇಲೆ ಅಧಿಕಾರಿಗೆ ಹೇಳಿದಳು: "ನಂಗೆ ಒಪ್ಗೆ ಇಲ್ಲ ಸಾರ್."

ಅಧಿಕಾರಿ ಮೊದಲ ಸಲ ತಲೆಯೆತ್ತಿದರು. "ಮತ್ತೆ ಯಾಕಮ್ಮ ಬಂದ್ರಿ?"

"ಅಣ್ಣ ಊಟಕ್ಕೆ ಕರ್ದ, ಬಂದೆ."

ಅಣ್ಣನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗಲಿಬಿಲಿ ಇತ್ತು. "ಸೀರೆ ಉಟ್ಕಂಡೇ ಬಂದಿದೀಯಲ್ಲಮ್ಮ," ಎಂದ.

"ಮನೆಗೆ ಹೋಗಿ ಬಿಚ್ಚಿ ಕೊಡ್ತೀನಿ. ಸೀರೆ ವಾಪಸ್ ಕೊಡ್ಬೋದು ಅಣ್ಣ. ತೋಟ ನಾನು ಬಿಟ್ರೆ ವಾಪಸ್ ಬರಲ್ಲ. ನನ್ನ ಪಾಲು ನನ್ನ ಹೆಸ್ರಿಗಿರ್ಲಿ."

ಮನೆ ಮುಟ್ಟಿದ ಮೇಲೆ ಅಣ್ಣ, ಇದೆಲ್ಲ ನನ್ನ ಲೇಖನಗಳ ಫಲವೆಂದ. ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಬಸ್ ನಿಲ್ದಾಣಕ್ಕೆ ಬಿಡಲು ಹೋದಾಗ, ನನ್ನ ಲೇಖನ ಓದಿಯೇ ಹೀಗೆ ಮಾಡಿದೆಯಾ ಎಂದು ಅಕ್ಕನನ್ನು ಕೇಳಿಯೇಬಿಟ್ಟೆ. ಎರಡು ವಾರ ಓದಿ ನಿಲ್ಲಿಸಿದ್ದಳಂತೆ. "ಹೊಸದೇನಿತ್ತೋ ಅದ್ರಲ್ಲಿ? ಗೌನುಗಳು ಚೆನ್ನಾಗಿದ್ವು," ಎಂದಳು.

ಮೂರು ಪಾಲಿಗೆ ನಾನು ಒಪ್ಪಿದೆ. ಅಷ್ಟು ಜನರೆದುರು ಸಿಕ್ಕಿಬಿದ್ದ ಮೇಲೆ ಒಪ್ಪದಿರಲು ಧೈರ್ಯ ಬೇಕಿತ್ತು. ಅಣ್ಣ ಆರು ತಿಂಗಳು ಎಳೆದಾಡಿ, ನ್ಯಾಯ ಹೇಳಲು ಕರೆಸಿದ ಹಿರಿಯರೂ ಕಾನೂನಿನ ಮಾತೆತ್ತಿದ ಮೇಲೆ ಒಪ್ಪಿದ. ಕೊಳವೆಬಾವಿಗೆ ದೂರವಾದ ಪಟ್ಟಿಯನ್ನು ಅಕ್ಕನಿಗೆ ಬಿಟ್ಟ. ಅವಳು ತಕರಾರು ಮಾಡಲಿಲ್ಲ. ಪಹಣಿಯಲ್ಲಿ ತನ್ನ ಹೆಸರು ಬಂದಿದೆಯೇ ಎಂಬುದನ್ನು ಮಾತ್ರ ಎರಡು ಸಲ ನೋಡಿದಳು. ಅಷ್ಟು ಹೊತ್ತಿಗೆ ಸುದ್ದಿ ಹಬ್ಬಿತ್ತು. ಮಂಡಿ ಮಾಲೀಕರು ಸಂಪಾದಕರಿಗೇ ಫೋನು ಮಾಡಿ, ಹೆಣ್ಣುಮಕ್ಕಳೂ ಪೇಪರ್ ಓದುತ್ತಾರೆ, ಸ್ವಲ್ಪ ಜವಾಬ್ದಾರಿ ಇರಲಿ ಎಂದರು. ಮುಂದಿನ ಭಾನುವಾರದಿಂದ ಆ ಜಾಗದಲ್ಲಿ ಉಪ್ಪಿನಕಾಯಿ ಹಾಕುವ ವಿಧಾನ ಬಂತು.

ಅಣ್ಣ ಅವಳೊಂದಿಗೆ ಮಾತು ಬಿಟ್ಟ. ಮಾವು ಹೂ ಬಿಟ್ಟ ಕಾಲಕ್ಕೆ ಅಕ್ಕ ಮಾಲೂರಿನಿಂದ ಬಂದು ತನ್ನ ಮರಗಳನ್ನು ನೋಡುತ್ತ ನಿಂತಿದ್ದಳು, ನಾನೂ ಜೊತೆಗಿದ್ದೆ. ಬದುವಿನ ಆಚೆ ಅಣ್ಣ ಔಷಧಿ ಹೊಡೆಸುತ್ತಿದ್ದ. ಪಂಪು ಹೊತ್ತವನು ಬದು ದಾಟಿ ಇತ್ತ ಬರಹೊರಟಾಗ ಅಣ್ಣ ತಡೆದ.

"ನಿಲ್ಲಪ್ಪ, ಪಕ್ಕದ ತೋಟದೋರು ಬಂದವ್ರೆ. ಅವ್ರನ್ನ ಕೇಳ್ಕಂಡು ಹೊಡಿ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋಗಿ, ಯಾವ ಸಾಲಿನಿಂದ ಯಾವ ಬೇಲಿಯವರೆಗೆ ಹೊಡೆಯಬೇಕೆಂದು ಆಳಿಗೆ ಕೈ ತೋರಿಸಿ ಹೇಳತೊಡಗಿದಳು.